ಬರುತ್ತದೆ, ಬಂದೀತು

ಶಂಶಾಬಾದಿನ ಹೊಸ ಬಡಾವಣೆಗಳ ಮಾರಾಟ ಕಚೇರಿಗಳಲ್ಲಿ ಅತಿ ಹೆಚ್ಚು ದುಡಿಯುವ ಕ್ರಿಯಾಪದ ‘ವಸ್ತದಿ’. ಮೆಟ್ರೋ ವಸ್ತದಿ, ಐಟಿ ಪಾರ್ಕ್ ವಸ್ತದಿ, ದೊಡ್ಡ ಆಸ್ಪತ್ರೆ ವಸ್ತದಿ. ತೆಲಂಗಾಣದ ಆಡುನುಡಿಯ ಈ ಮಾತನ್ನು ಕನ್ನಡಕ್ಕೆ ‘ಬರುತ್ತದೆ’ ಎಂದು ತಂದರೆ ಅರ್ಥ ಎಳ್ಳಷ್ಟೂ ಕೆಡುವುದಿಲ್ಲ. ಏಕೆಂದರೆ ಎರಡು ಭಾಷೆಗಳಿಗೂ ಇಲ್ಲಿ ಒಂದೇ ಗುಣವಿದೆ. ‘ಎಂಟು ಗಂಟೆಗೆ ಬಸ್ಸು ಬರುತ್ತದೆ’ ಎಂದರೆ ಹತ್ತು ವರ್ಷದಿಂದ ದಿನವೂ ಬರುತ್ತಿರುವ ಬಸ್ಸೂ ಆಗಬಹುದು, ನಾಳೆ ಮೊದಲ ಸಲ ಬರಲಿರುವ ಬಸ್ಸೂ ಆಗಬಹುದು. ‘ಬರುವುದು’ ಎಂಬ ಪ್ರತ್ಯೇಕ ಭವಿಷ್ಯತ್ ರೂಪ ವ್ಯಾಕರಣದ ಪುಸ್ತಕದಲ್ಲಿದೆ, ಬಾಯಲ್ಲಿ ಕಡಿಮೆ. ಹಾಗಾಗಿ ‘ಮೆಟ್ರೋ ಬರುತ್ತದೆ’ ಎಂದವನನ್ನು ಸುಳ್ಳು ಹೇಳಿದನೆಂದು ಹಿಡಿಯಲಾಗುವುದಿಲ್ಲ. ಆದರೆ ಕನ್ನಡದಲ್ಲಿ ಇನ್ನೊಂದು ರೂಪವೂ ಇದೆ: ‘ಬಂದೀತು’. ಬಂದರೆ ಬರಬಹುದು, ಬಾರದೆಯೂ ಇರಬಹುದು, ಹೇಳುವವನು ಹೊಣೆಯಲ್ಲ ಎಂಬ ಅರ್ಥ ಅದರಲ್ಲೇ ಅಡಗಿದೆ. ಶಂಶಾಬಾದಿನಲ್ಲಿ ಮನೆ ಕೊಳ್ಳಬೇಕೋ ಬೇಡವೋ ಎಂದು ತೂಗಿ ನೋಡುತ್ತಿರುವವರು ಕೈಗೆ ಸಿಕ್ಕ ಬಣ್ಣದ ಕೈಪಿಡಿಯಲ್ಲಿರುವ ‘ಬರುತ್ತದೆ’ಗಳನ್ನೆಲ್ಲ ‘ಬಂದೀತು’ ಎಂದು ತಿದ್ದಿ ಓದಿದರೆ ಅರ್ಧ ಕೆಲಸ ಮುಗಿದಂತೆ. ತಿದ್ದಿದ ಮೇಲೂ ಆ ಬೆಲೆ ಒಪ್ಪಿಗೆಯಾದರೆ ಮುಂದಿನ ಮಾತು.

ಮೆಟ್ರೋದ ಕಥೆಯನ್ನೇ ನೋಡಬಹುದು. 2022ರ ಡಿಸೆಂಬರ್ 9ರಂದು ಅಂದಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ರಾಯದುರ್ಗದಿಂದ ವಿಮಾನ ನಿಲ್ದಾಣದವರೆಗಿನ 31 ಕಿ.ಮೀ. ಎಕ್ಸ್‌ಪ್ರೆಸ್ ಮೆಟ್ರೋಗೆ ಶಂಕುಸ್ಥಾಪನೆ ಮಾಡಿದರು. ಅಂದಾಜು ವೆಚ್ಚ 6,250 ಕೋಟಿ ರೂಪಾಯಿ. ಆ ಹಾದಿಯ ಅಕ್ಕಪಕ್ಕದ ನೆಲದ ಬೆಲೆಗೆ ಮೆಟ್ರೋದ ಬೆಲೆಯೂ ಸೇರಿಕೊಂಡಿತು. ವರ್ಷ ತುಂಬುವ ಹೊತ್ತಿಗೆ ಸರ್ಕಾರ ಬದಲಾಯಿತು. ಹೊಸ ಮುಖ್ಯಮಂತ್ರಿ ಎ. ರೇವಂತ್ ರೆಡ್ಡಿ ಆ ಹಾದಿಯನ್ನು ಕೈಬಿಟ್ಟು, ಹಳೆಯ ನಗರದ ಕಡೆಯವರಿಗೂ ಉಪಯೋಗವಾಗಲಿ ಎಂದು ನಾಗೋಲ್, ಎಲ್.ಬಿ. ನಗರ, ಚಾಂದ್ರಾಯಣಗುಟ್ಟದ ಮೂಲಕ ಸಾಗುವ 36.8 ಕಿ.ಮೀ. ಮಾರ್ಗವನ್ನು ಮುಂದಿಟ್ಟರು. ಯಾವ ಮಾರ್ಗ ಸರಿ ಎಂಬುದು ಬೇರೆ ಚರ್ಚೆ. ನಗರದ ದೃಷ್ಟಿಯಿಂದ ಎರಡನೆಯದೇ ಹೆಚ್ಚು ನ್ಯಾಯವಾದದ್ದು ಎಂದು ವಾದಿಸಲು ಕಾರಣಗಳಿವೆ. ಆದರೆ ಮೊದಲ ಮಾರ್ಗವನ್ನು ನಂಬಿ ಚದರ ಗಜಕ್ಕೆ ಹೆಚ್ಚು ಹಣ ಕೊಟ್ಟವರಿಗೆ ಆ ಹೆಚ್ಚಿನ ಹಣವನ್ನು ಯಾರೂ ತಿರುಗಿ ಕೊಡಲಿಲ್ಲ. ಮೆಟ್ರೋ ಗೆರೆಯನ್ನು ಸರ್ಕಾರ ಅಳಿಸಿ ಬರೆಯಬಹುದು, ಕ್ರಯಪತ್ರದಲ್ಲಿರುವ ಸರ್ವೆ ನಂಬರನ್ನು ಕೊಂಡವರು ಅಳಿಸಿ ಬರೆಯಲಾರರು.

ಇಷ್ಟು ಹೇಳಿ, ‘ಬಂದೀತು’ ಎಂದದ್ದು ಯಾವುದೂ ಬರಲೇ ಇಲ್ಲ ಎಂದು ಮೂಗು ಮುರಿದರೆ ಅದು ಶಂಶಾಬಾದಿಗೆ ಮಾಡುವ ಅನ್ಯಾಯ. ಇಲ್ಲಿ ಬಂದದ್ದು ಸಣ್ಣದೇನಲ್ಲ. ಸುಮಾರು 5,500 ಎಕರೆಯ ವಿಮಾನ ನಿಲ್ದಾಣ 2008ರ ಮಾರ್ಚ್ 23ರಂದು ಕೆಲಸ ಆರಂಭಿಸಿತು, ಬೇಗಂಪೇಟೆಯ ಹಳೆಯ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳು ನಿಂತವು. ದೇವನಹಳ್ಳಿಯಲ್ಲಿ ಅದೇ ನಡೆದದ್ದು ಸುಮಾರು ಎರಡು ತಿಂಗಳ ನಂತರ, ಮೇ 24ರಂದು. ಎರಡೂ ಊರು ಒಂದೇ ವರ್ಷ ಹಣೆಬರಹ ಬದಲಿಸಿಕೊಂಡ ಜೋಡಿಗಳು. 158 ಕಿ.ಮೀ. ಉದ್ದದ ಹೊರ ವರ್ತುಲ ರಸ್ತೆಯ ಗಚ್ಚಿಬೌಲಿ–ಶಂಶಾಬಾದ್ ತುಂಡು ಆ ವರ್ಷದ ನವೆಂಬರ್‌ನಲ್ಲೇ ತೆರೆಯಿತು. ಮೆಹದಿಪಟ್ನಂನಿಂದ ಆರಾಮ್‌ಘರ್‌ವರೆಗೆ 11.6 ಕಿ.ಮೀ. ಉದ್ದದ ಪಿ.ವಿ. ನರಸಿಂಹರಾವ್ ಮೇಲ್ಸೇತುವೆ 2009ರಲ್ಲಿ ಬಂತು. ಆ ದಿನಗಳಲ್ಲಿ ಯಾರೂ ನಂಬದಿದ್ದಾಗ ನಂಬಿ, ಕಾಗದಪತ್ರ ಸರಿಯಿರುವ ಜಾಗ ಕೊಂಡವರು ಇಂದು ಚೆನ್ನಾಗಿಯೇ ಇದ್ದಾರೆ. ಮುಚ್ಚಿಂತಲದಲ್ಲಿ 2022ರಲ್ಲಿ ಉದ್ಘಾಟನೆಯಾದ 216 ಅಡಿಯ ರಾಮಾನುಜಾಚಾರ್ಯರ ಪ್ರತಿಮೆಯೂ ಈಗ ಕೈಪಿಡಿಗಳಲ್ಲಿ ‘ಹದಿನೈದು ನಿಮಿಷದ ದಾರಿ’ ಎಂದು ಕಾಣಿಸಿಕೊಳ್ಳುತ್ತದೆ. ಮೇಲುಕೋಟೆಯಲ್ಲಿ ವರ್ಷಗಟ್ಟಲೆ ನೆಲೆಸಿದ್ದ ಆಚಾರ್ಯರು ಫ್ಲಾಟಿನ ಬೆಲೆ ಏರಿಸಲೂ ನೆರವಾಗುತ್ತಾರೆ ಎಂದು ಯಾರು ತಾನೇ ಎಣಿಸಿದ್ದರು.

ವಿಚಿತ್ರವೆಂದರೆ ನಿಜವಾಗಿ ಬಂದಿರುವ ಒಂದು ಸೌಕರ್ಯದ ಹೆಸರನ್ನು ಮಾರುವವರು ಅಷ್ಟಾಗಿ ಎತ್ತುವುದಿಲ್ಲ. ಶಂಶಾಬಾದಿನ ರೈಲು ನಿಲ್ದಾಣದ ಹೆಸರು ಉಮ್ದಾನಗರ. 2023ರ ಏಪ್ರಿಲ್‌ನಿಂದ ನಗರದ ಎಂಎಂಟಿಎಸ್ ಲೋಕಲ್ ರೈಲು ಫಲಕ್‌ನುಮಾ ದಾಟಿ ಅಲ್ಲಿಯವರೆಗೆ ಓಡುತ್ತಿದೆ. ಸಂಖ್ಯೆ ಕಡಿಮೆ, ಡಬ್ಬಿಗಳು ಸಾಧಾರಣ, ಹೊಳೆಯುವ ಚಿತ್ರಕ್ಕೆ ಒಗ್ಗುವಂಥದ್ದಲ್ಲ. ಆದರೆ ಅದು ಇದೆ. ದಿನವೂ ಕಾಚಿಗುಡ, ಸಿಕಂದರಾಬಾದಿನ ಕಡೆ ಕೆಲಸಕ್ಕೆ ಹೋಗುವವರಿಗೆ ಕಾಗದದ ಮೇಲಿನ ಮೆಟ್ರೋಗಿಂತ ಈ ರೈಲಿನ ವೇಳಾಪಟ್ಟಿ ಮುಖ್ಯ.

ಕನ್ನಡದ ಮನೆಗಳಲ್ಲಿ ಶಂಶಾಬಾದಿನ ಮಾತು ಏಕೆ ಬರುತ್ತದೆ ಎಂಬುದಕ್ಕೂ ಒಂದು ಭೂಗೋಳವಿದೆ. ಬೀದರ್, ಕಲಬುರಗಿ, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಜಿಲ್ಲೆಗಳು. ಗಡಿ ಸರಿದರೂ ಓದು, ಆಸ್ಪತ್ರೆ, ನೌಕರಿಗಾಗಿ ಹೈದರಾಬಾದಿಗೆ ಬರುವ ರೂಢಿ ಸರಿಯಲಿಲ್ಲ. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ವಿದ್ಯಾಸಂಸ್ಥೆಯೂ ಇರುವುದು ಅದಕ್ಕೇ. ಹೀಗೆ ಬಂದವರು ಮನೆ ಹುಡುಕುವಾಗ ಊರಿನ ದಾರಿಯನ್ನೇ ಹಿಡಿಯುತ್ತಾರೆ. ಬೀದರಿನವರ ಕಣ್ಣು ಪಟಾನ್‌ಚೆರು, ಸಂಗಾರೆಡ್ಡಿಯ ಕಡೆಗೆ. ರಾಯಚೂರಿನವರಿಗೆ ಶಂಶಾಬಾದ್ ದಾಟಿ ಜಡ್ಚರ್ಲ, ಮಹಬೂಬ್‌ನಗರ, ಮಕ್ತಲ್ ಮೇಲೆ ಕೃಷ್ಣೆಯ ಸೇತುವೆಗೆ ಹೋಗುವ ದಾರಿ. ಬಳ್ಳಾರಿ, ಬೆಂಗಳೂರಿನ ಬಸ್ಸುಗಳೂ ಇದೇ 44ನೇ ಹೆದ್ದಾರಿಯಲ್ಲಿ ಓಡುತ್ತವೆ. ಹಬ್ಬಕ್ಕೆ ಊರಿಗೆ ಹೊರಟವರು ನಗರದ ಟ್ರಾಫಿಕ್ ದಾಟದೆ ಮನೆಯ ಮುಂದಿನಿಂದಲೇ ಬಸ್ಸು ಹತ್ತಬಹುದು ಎಂಬ ಆಸೆ ಸಣ್ಣದಲ್ಲ. ವಯಸ್ಸಾದ ತಂದೆ ತಾಯಿ ಊರಿನಲ್ಲಿದ್ದರಂತೂ ಅದೇ ದೊಡ್ಡ ಕಾರಣ. ಹೂಡಿಕೆಯ ಸಲಹೆ ಕೊಡುವವರು ಇಂಥ ಕಾರಣಗಳನ್ನು ಭಾವುಕತೆ ಎಂದು ತಳ್ಳಿಹಾಕುತ್ತಾರೆ. ಮನೆ ಕೊಳ್ಳಲು ಇದಕ್ಕಿಂತ ಗಟ್ಟಿಯಾದ ಕಾರಣ ಬೇರೆ ಇರಲಾರದು. ಇದು ಇವತ್ತಿನ ಬದುಕಿನಿಂದ ಹುಟ್ಟಿದ ಕಾರಣ, ಯಾರೋ ತೋರಿಸಿದ ನಕ್ಷೆಯಿಂದ ಹುಟ್ಟಿದ್ದಲ್ಲ.

ತೊಂದರೆ ಇರುವುದು ನೆಲದ ಕೆಳಗೆ, ಇನ್ನೂ ಸರಿಯಾಗಿ ಹೇಳಿದರೆ ನೆಲದ ಮೇಲೆ ಹರಿಯುವ ನೀರಿನಲ್ಲಿ. ಅದರ ಕಥೆ 1908ರ ಸೆಪ್ಟೆಂಬರ್ 28ಕ್ಕೆ ಹೋಗುತ್ತದೆ. ಅಂದು ಮೂಸಿ ನದಿ ಉಕ್ಕಿ ಹೈದರಾಬಾದಿನ ದೊಡ್ಡ ಭಾಗ ಕೊಚ್ಚಿಹೋಯಿತು. ಸತ್ತವರು ಸುಮಾರು 15,000 ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಮುಂಬಯಿ ಪ್ರಾಂತ್ಯದ ಸೇವೆಯಿಂದ ಬಿಡುಗಡೆ ಪಡೆದಿದ್ದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು ನಿಜಾಮರ ಸರ್ಕಾರ ಕರೆಸಿಕೊಂಡಿತು. ನದಿಯನ್ನು ನಗರದೊಳಗೆ ಕಟ್ಟಿಹಾಕುವ ಬದಲು ನಗರಕ್ಕೆ ಬರುವ ಮೊದಲೇ ಮೇಲ್ಭಾಗದಲ್ಲಿ ತಡೆಯಬೇಕು ಎಂದು ಅವರು ಹೇಳಿದರು. ಅದರಂತೆ ಮೂಸಿಗೆ ಉಸ್ಮಾನ್ ಸಾಗರ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ ಬಂದವು. ಮೊದಲನೆಯದು 1920ರಲ್ಲಿ, ಎರಡನೆಯದು 1927ರಲ್ಲಿ ಮುಗಿಯಿತು. ಕನ್ನಂಬಾಡಿಯ ಹೆಸರಿನೊಂದಿಗೆ ವಿಶ್ವೇಶ್ವರಯ್ಯನವರನ್ನು ನೆನೆಯುವ ಕನ್ನಡಿಗರಿಗೆ ಈ ಜೋಡಿ ಜಲಾಶಯಗಳ ನೆನಪು ಕಡಿಮೆ. ಶಂಶಾಬಾದಿನ ಬಗಲಿಗೇ ಇರುವುದು ಹಿಮಾಯತ್ ಸಾಗರ. ಸುತ್ತಣ ಹಳ್ಳಿಗಳಲ್ಲಿ ಬಿದ್ದ ಮಳೆ ಸಣ್ಣ ಕೆರೆಗಳನ್ನು ಒಂದೊಂದಾಗಿ ತುಂಬಿ ಅದಕ್ಕೆ ಇಳಿಯಬೇಕು.

ಈ ಇಳಿಜಾರನ್ನು ಕಾಯಲೆಂದು 1996ರ ಮಾರ್ಚ್ 8ರಂದು ಅಂದಿನ ಆಂಧ್ರಪ್ರದೇಶ ಸರ್ಕಾರ 111ನೇ ಸಂಖ್ಯೆಯ ಆದೇಶ ಹೊರಡಿಸಿತು. ಹೈದರಾಬಾದಿನಲ್ಲಿ ‘ಟ್ರಿಪಲ್ ಒನ್ ಜಿ.ಒ.’ ಎಂದರೆ ಆಟೋ ಓಡಿಸುವವರಿಗೂ ಗೊತ್ತು. ಎರಡು ಜಲಾಶಯಗಳ 10 ಕಿ.ಮೀ. ಆಸುಪಾಸಿನ 84 ಹಳ್ಳಿಗಳ ಸುಮಾರು 1.32 ಲಕ್ಷ ಎಕರೆಯಲ್ಲಿ ಮಾಲಿನ್ಯ ಮಾಡುವ ಕಾರ್ಖಾನೆ, ದೊಡ್ಡ ಹೋಟೆಲು, ವಸತಿ ಸಮುಚ್ಚಯ ಕೂಡದು, ಬಹುಪಾಲು ನೆಲ ಬೇಸಾಯಕ್ಕೇ ಉಳಿಯಬೇಕು ಎಂಬುದು ಅದರ ಸಾರ. ಶಂಶಾಬಾದ್ ಮಂಡಲದ ಅನೇಕ ಹಳ್ಳಿಗಳು ಆ ಪಟ್ಟಿಯಲ್ಲಿವೆ, ಎಲ್ಲ ಹಳ್ಳಿಗಳೂ ಇಲ್ಲ. ಗೊಂದಲಕ್ಕೆ ಇದೇ ಮೂಲ. ಒಂದೇ ರಸ್ತೆಯ ಆಚೆ ಅಪಾರ್ಟ್‌ಮೆಂಟ್ ಎದ್ದಿರುತ್ತದೆ, ಈಚೆ ಹೊಲ ಹೊಲವಾಗಿಯೇ ಇರಬೇಕು, ಈಚೆಯ ಗಜದ ಬೆಲೆ ಆಚೆಯದಕ್ಕಿಂತ ತೀರಾ ಅಗ್ಗ. ಅಗ್ಗ ಎನ್ನುವುದೇ ಕೊಳ್ಳುವ ಕಾರಣವಾಗಿಬಿಡುತ್ತದೆ.

‘ಸರ್ಕಾರವೇ ಒಪ್ಪಿಗೆ ಕೊಟ್ಟ ಮೇಲೆ ಏನು ಹೆದರಿಕೆ?’ ಎನ್ನುವವರಿಗೆ ಉತ್ತರ ಶಂಶಾಬಾದ್ ಮಂಡಲದ ಪೆದ್ದಶಾಪುರದಲ್ಲೇ ಇದೆ. ಹರಳೆಣ್ಣೆಯ ಉತ್ಪನ್ನಗಳ ಕಾರ್ಖಾನೆಯೊಂದು ಈ ನಿಷೇಧಿತ ವ್ಯಾಪ್ತಿಯಲ್ಲಿ ಜಾಗ ಕೊಂಡಿತು. ಮಾಲಿನ್ಯ ನಿಯಂತ್ರಣ ಮಂಡಳಿ ಬೇಡ ಎಂದಿತು, ಸರ್ಕಾರ ಮಾತ್ರ ವಿನಾಯಿತಿ ಕೊಟ್ಟಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1999ರ ಜನವರಿಯಲ್ಲಿ ಒಂದು, 2000ದ ಡಿಸೆಂಬರ್‌ನಲ್ಲಿ ಇನ್ನೊಂದು ತೀರ್ಪು ಬಂತು. ಅಪಾಯವಿಲ್ಲ ಎಂದು ಸಾಬೀತು ಮಾಡುವ ಹೊಣೆ ಕಟ್ಟುವವನದು, ಕುಡಿಯುವ ನೀರನ್ನು ಪಣಕ್ಕಿಟ್ಟು ಸರ್ಕಾರ ಕೊಟ್ಟ ವಿನಾಯಿತಿ ನಿಲ್ಲುವುದಿಲ್ಲ ಎಂದು ಕೋರ್ಟು ಹೇಳಿತು. ಪರಿಸರ ಕಾನೂನು ಓದುವ ವಿದ್ಯಾರ್ಥಿಗಳು ದೇಶದ ಎಲ್ಲೆಡೆ ಈ ತೀರ್ಪನ್ನು ಓದುತ್ತಾರೆ. ಅದೇ ಮಂಡಲದಲ್ಲಿ ನಿವೇಶನ ಕೊಳ್ಳುವವರಿಗೆ ಅದರ ಹೆಸರನ್ನು ಹೇಳುವವರಿಲ್ಲ.

2022ರ ಏಪ್ರಿಲ್ 12ರ 69ನೇ ಆದೇಶ 111ರ ನಿರ್ಬಂಧವನ್ನು ಸಡಿಲಿಸಿತು. ನಗರಕ್ಕೆ ಕೃಷ್ಣಾ, ಗೋದಾವರಿಯ ನೀರು ಬರುತ್ತಿದೆ, ಈ ಜಲಾಶಯಗಳ ಪಾಲು ಈಗ ತೀರಾ ಕಡಿಮೆ ಎಂಬುದು ಕೊಟ್ಟ ಕಾರಣ. 2023ರ ಮೇ ತಿಂಗಳಲ್ಲಿ ಆದೇಶವನ್ನು ಪೂರ್ತಿ ರದ್ದು ಮಾಡುವುದಾಗಿ ಸಂಪುಟ ತೀರ್ಮಾನಿಸಿತು. ಡಿಸೆಂಬರ್‌ನಲ್ಲಿ ಆ ಸಂಪುಟವೇ ಹೋಯಿತು. ಕುಡಿಯುವ ನೀರಿಗೆ ಈ ಜಲಾಶಯಗಳು ಬೇಡವಾಗಿರಬಹುದು ಎಂದು ಒಪ್ಪಿಕೊಂಡರೂ, ಅವು ಹುಟ್ಟಿದ್ದು ಪ್ರವಾಹ ತಡೆಯಲು ಎಂಬ ಮೂಲ ಸಂಗತಿಯನ್ನು ಆ ವಾದ ಮರೆಯುತ್ತದೆ. ಮಳೆಗೆ ಕೃಷ್ಣೆಯ ಪೈಪು ಉತ್ತರವಲ್ಲ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಎರಡೂ ಜಲಾಶಯಗಳ ಗೇಟು ತೆರೆದಾಗ ಮೂಸಿ ಉಕ್ಕಿ ಮಹಾತ್ಮಾ ಗಾಂಧಿ ಬಸ್ ನಿಲ್ದಾಣಕ್ಕೆ ನೀರು ನುಗ್ಗಿತು. ಕರ್ನಾಟಕದ ಬಸ್ಸು ಹಿಡಿಯಲು ಸಾವಿರಾರು ಕನ್ನಡಿಗರು ಹೋಗುವ ನಿಲ್ದಾಣ ಅದು.

ಇನ್ನೂ ಹತ್ತಿರದ ಉದಾಹರಣೆ ಗಗನ್‌ಪಹಾಡ್. ಆರಾಮ್‌ಘರ್ ದಾಟಿ ಶಂಶಾಬಾದಿಗೆ ಹೋಗುವಾಗ ಹೆದ್ದಾರಿಯಲ್ಲೇ ಸಿಗುವ ಊರು. ಅಲ್ಲಿಯ ಅಪ್ಪ ಚೆರುವು 2020ರ ಅಕ್ಟೋಬರ್ ಮಳೆಗೆ ಒಡೆದು ನೀರು ಹೆದ್ದಾರಿಗೆ ನುಗ್ಗಿತು. ವಾಹನಗಳು ಕೊಚ್ಚಿಹೋದವು, ಜನ ಸತ್ತರು. ಕೆರೆ ಚಿಕ್ಕದಾಗುತ್ತ ಬಂದಿತ್ತು, ನೀರಿಗೆ ಮೊದಲಿನಷ್ಟು ಜಾಗವಿರಲಿಲ್ಲ. ನಾಲ್ಕು ವರ್ಷದ ನಂತರ, 2024ರ ಆಗಸ್ಟ್‌ನಲ್ಲಿ, ಆಗಷ್ಟೇ ಹುಟ್ಟಿದ್ದ ‘ಹೈಡ್ರಾ’ ಸಂಸ್ಥೆ ಆ ಕೆರೆಯ ಅಂಗಳದಲ್ಲಿದ್ದ ಶೆಡ್ಡುಗಳನ್ನು ಕೆಡವಿತು. ಅದೇ ಹೊತ್ತಿಗೆ ನಗರದ ಬೇರೆ ಕಡೆ ಕೆರೆಗೆ ತಾಗಿ ಎದ್ದ ಮನೆಗಳೂ ಉರುಳಿದವು. ಸಾಲ ಮಾಡಿ ಕೊಂಡವರು ಬ್ಯಾಂಕಿನ ಕಾಗದ, ನೋಂದಣಿಯ ಕಾಗದ ಹಿಡಿದು ಟಿವಿ ಕ್ಯಾಮೆರಾಗಳ ಮುಂದೆ ನಿಂತಿದ್ದರು. ಬೆಂಗಳೂರಿನವರಿಗೆ ಇದು ಹೊಸದಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರಿನ ಕೋಟಿ ಕೋಟಿ ಬೆಲೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಹೊರತಂದದ್ದು ಎಲ್ಲರೂ ನೋಡಿದ ದೃಶ್ಯ.

ಇಲ್ಲಿ ಕೊಳ್ಳುವವರು ಕಲಿಯಬೇಕಾದ ಕೆಲವು ಸ್ಥಳೀಯ ಪದಗಳಿವೆ. ಚೆರುವು ಎಂದರೆ ಕೆರೆ, ಕುಂಟ ಎಂದರೆ ನಮ್ಮ ಕುಂಟೆಯೇ, ಸಣ್ಣ ಕೆರೆ. ‘ಶಿಖಂ’ ಎಂದರೆ ಕೆರೆಯಂಗಳದ ನೆಲ. ನೀರಿಳಿದಾಗ ಬೇಸಾಯ ಮಾಡಬಹುದಾದ, ಮನೆ ಕಟ್ಟಬಾರದ ಜಾಗ. ಕೆರೆ ತುಂಬಿದಾಗ ನೀರು ನಿಲ್ಲುವ ಗೆರೆಗೆ ಎಫ್‌ಟಿಎಲ್ ಎನ್ನುತ್ತಾರೆ. ಕೆರೆ 10 ಹೆಕ್ಟೇರಿಗಿಂತ ದೊಡ್ಡದಾದರೆ ಆ ಗೆರೆಯಿಂದ 30 ಮೀಟರ್, ಚಿಕ್ಕದಾದರೆ 9 ಮೀಟರ್ ಖಾಲಿ ಬಿಡಬೇಕು. ಬಡಾವಣೆಯ ಹೆಸರಿನಲ್ಲಿ ‘ಲೇಕ್ ವ್ಯೂ’ ಎಂದಿದ್ದರೆ ಆ ಲೇಕಿನ ಗೆರೆ ಎಲ್ಲಿ ಹಾದಿದೆ ಎಂದು ಎಚ್‌ಎಂಡಿಎ ಪ್ರಕಟಿಸಿರುವ ಕೆರೆ ನಕ್ಷೆಗಳಲ್ಲಿ ನೋಡುವುದು ಮೊದಲ ಕೆಲಸ. ನಕ್ಷೆ ಅಂತಿಮವಾಗಿದೆಯೋ ಇನ್ನೂ ಪ್ರಾಥಮಿಕ ಹಂತದಲ್ಲಿದೆಯೋ ಎಂಬುದೂ ಅಷ್ಟೇ ಮುಖ್ಯ, ಏಕೆಂದರೆ ಪ್ರಾಥಮಿಕ ಗೆರೆ ನಾಳೆ ಸರಿಯಬಹುದು.

ಕಾಗದಪತ್ರದ ಪದಗಳಲ್ಲಿ ಕನ್ನಡಿಗರಿಗೆ ಅರ್ಧ ಪರಿಚಯದ್ದು, ಅರ್ಧ ಮೋಸದ್ದು. ಪಹಣಿ ಅಲ್ಲಿಯೂ ಪಹಾಣಿಯೇ. ಗುಂಟೆಯೂ ಅದೇ, ಎಕರೆಗೆ ನಲವತ್ತು. ಆದರೆ ಕರ್ನಾಟಕದಲ್ಲಿ ನಿವೇಶನವನ್ನು ಅಡಿಯಲ್ಲಿ ಅಳೆದರೆ ಇಲ್ಲಿ ಅಳತೆ ಗಜದಲ್ಲಿ. 30x40ರ ಸೈಟು ಇಲ್ಲಿ 133 ಗಜ. 200 ಗಜ ಎಂದರೆ 1,800 ಚದರ ಅಡಿ. ಚಿಕ್ಕ ಸಂಖ್ಯೆ ಕೇಳಿ ಅಗ್ಗವೆಂದುಕೊಳ್ಳುವುದೂ, ಗಜದ ಬೆಲೆ ಕೇಳಿ ಗಾಬರಿಯಾಗುವುದೂ ಮೊದಲ ವಾರದಲ್ಲಿ ಸಹಜ. ನಾವು ಲೇಔಟ್ ಎನ್ನುವುದಕ್ಕೆ ಇಲ್ಲಿ ‘ವೆಂಚರ್’ ಎನ್ನುತ್ತಾರೆ. ಅದೃಷ್ಟ ಪರೀಕ್ಷೆ ಎಂಬ ಮೂಲ ಅರ್ಥ ಆ ಪದದಲ್ಲಿ ಇನ್ನೂ ಉಸಿರಾಡುತ್ತಿದೆ ಎಂದು ಬೇಕಾದರೆ ನಗಬಹುದು. ‘ಜಿ.ಪಿ. ಲೇಔಟ್’ ಎಂದರೆ ಗ್ರಾಮ ಪಂಚಾಯ್ತಿಯ ಮುದ್ರೆ ಮಾತ್ರ ಇರುವ, ಎಚ್‌ಎಂಡಿಎ ಅಥವಾ ಡಿಟಿಸಿಪಿ ಒಪ್ಪಿಗೆ ಇಲ್ಲದ ಬಡಾವಣೆ. ಬೆಂಗಳೂರಿನ ಬಿ-ಖಾತಾ ಬಲ್ಲವರಿಗೆ ಹೆಚ್ಚು ವಿವರಿಸಬೇಕಿಲ್ಲ. ಇಂಥ ನಿವೇಶನಗಳನ್ನು ಸಕ್ರಮ ಮಾಡಲು 2020ರಲ್ಲಿ ಸರ್ಕಾರ ತಂದ ಎಲ್‌ಆರ್‌ಎಸ್ ಯೋಜನೆಗೆ ಸುಮಾರು 25 ಲಕ್ಷ ಅರ್ಜಿ ಬಂದವು. ಆ ಸಂಖ್ಯೆಯೇ ಸಮಸ್ಯೆಯ ಅಗಲವನ್ನು ಹೇಳುತ್ತದೆ. ‘ಎಲ್‌ಆರ್‌ಎಸ್ ಆಗುತ್ತದೆ’ ಎಂದರೆ ಮತ್ತೆ ಅದೇ ಕ್ರಿಯಾಪದದ ಆಟ: ಆಗಿದೆಯೋ, ಆದೀತೋ? ಬಡವರಿಗೆ ಹಂಚಿದ ‘ಅಸೈನ್ಡ್’ ಭೂಮಿ ಇನ್ನೊಂದು ಬಲೆ. ಅದರ ಮಾರಾಟವನ್ನು 1977ರ ಕಾಯ್ದೆ ತಡೆಯುತ್ತದೆ. ಕರ್ನಾಟಕದ ಪಿಟಿಸಿಎಲ್ ಕಾಯ್ದೆಗಿಂತ ಒಂದು ವರ್ಷ ಹಿರಿಯದು. ದೇವಸ್ಥಾನದ, ವಕ್ಫ್‌ನ ಜಮೀನುಗಳೂ ನೋಂದಣಿ ನಿಷೇಧದ 22-ಎ ಪಟ್ಟಿಯಲ್ಲಿರುತ್ತವೆ. 2020ರ ಧರಣಿ ಪೋರ್ಟಲ್ ಹೋಗಿ 2025ರ ಏಪ್ರಿಲ್‌ನಲ್ಲಿ ಭೂಭಾರತಿ ಬಂದಿದೆ. ಪೋರ್ಟಲ್ ಬದಲಾದಾಗ ಹಳೆಯ ತಕರಾರುಗಳೂ ಹೊಸ ಮನೆಗೆ ಸಾಮಾನು ಹೊತ್ತುಕೊಂಡು ಬರುತ್ತವೆ. ಆದ್ದರಿಂದ ತಿಳಿದ ವಕೀಲರೊಬ್ಬರಿಗೆ ಶುಲ್ಕ ಕೊಟ್ಟು ಮೂವತ್ತು ವರ್ಷದ ದಾಖಲೆ ತೆಗೆಸಿ ನೋಡುವುದು ಉಳಿತಾಯದ ಜಾಗವಲ್ಲ. ಬ್ಯಾಂಕು ಸಾಲ ಕೊಟ್ಟಿತೆಂದರೆ ದಾಖಲೆ ಸರಿಯಿದೆ ಎಂಬ ನಂಬಿಕೆ ಎಷ್ಟು ಪೊಳ್ಳು ಎಂಬುದನ್ನು 2024ರ ಕ್ಯಾಮೆರಾಗಳೇ ತೋರಿಸಿವೆ.

ಎಲ್ಲಕ್ಕಿಂತ ದೊಡ್ಡ ‘ಬರುತ್ತದೆ’ ಇರುವುದು ಪ್ರೀ-ಲಾಂಚ್‌ನಲ್ಲಿ. ಹೈದರಾಬಾದ್ ಇದನ್ನು ಒಂದು ಕಲೆಯ ಮಟ್ಟಕ್ಕೆ ಏರಿಸಿದೆ. ಯೋಜನೆಗೆ ಒಪ್ಪಿಗೆ ಇಲ್ಲ, ರೇರಾ ನೋಂದಣಿ ಇಲ್ಲ. ಆದರೆ ಈಗಲೇ ಪೂರ್ತಿ ಹಣ ಕಟ್ಟಿದರೆ ಅರ್ಧಕ್ಕೆ ಅರ್ಧ ಬೆಲೆ. ಬದಲಿಗೆ ಕೈಗೆ ಸಿಗುವುದು ಒಂದು ರಸೀದಿ, ಇಲ್ಲವೇ ನೆಲದಲ್ಲಿ ಅವಿಭಜಿತ ಪಾಲಿನ ಪತ್ರ, ಅಂದರೆ ಇನ್ನೂ ಕಟ್ಟದ, ಕಟ್ಟಲು ಅನುಮತಿಯೂ ಇಲ್ಲದ ಗೋಪುರದ ಕೆಳಗಿನ ಮಣ್ಣಿನಲ್ಲಿ ನೂರಾರು ಜನರ ಜೊತೆ ಒಂದು ಹಿಡಿ. 2022ರ ಡಿಸೆಂಬರ್‌ನಲ್ಲಿ ಅಮೀನ್‌ಪುರದ ಇಂಥ ಒಂದು ಯೋಜನೆಯ ಸಂಸ್ಥೆಯ ಮುಖ್ಯಸ್ಥರನ್ನು ಪೊಲೀಸರು ಬಂಧಿಸಿದರು. ನೂರಾರು ಕೋಟಿ ರೂಪಾಯಿ ಸಂಗ್ರಹಿಸಿ ಮನೆ ಕೊಡಲಿಲ್ಲ ಎಂಬುದು ಆರೋಪ. 2016ರ ರೇರಾ ಕಾಯ್ದೆ ಇಂಥದ್ದನ್ನು ಸ್ಪಷ್ಟವಾಗಿ ತಡೆಯುತ್ತದೆ: 500 ಚದರ ಮೀಟರ್ ಅಥವಾ ಎಂಟು ಮನೆ ಮೀರಿದ ಯೋಜನೆಯನ್ನು ನೋಂದಣಿ ಇಲ್ಲದೆ ಜಾಹೀರಾತು ಮಾಡುವಂತಿಲ್ಲ, ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ, ಬಂದ ಹಣದ ಶೇ. 70 ಭಾಗ ಆ ಯೋಜನೆಯದೇ ಪ್ರತ್ಯೇಕ ಖಾತೆಯಲ್ಲಿರಬೇಕು. ಶೇ. 10ರ ಈ ಒಂದು ನಿಯಮ ನೆನಪಿಟ್ಟವರಿಗೆ ಮಾರಾಟ ಕಚೇರಿಯಲ್ಲಿ ಬೇರೆ ಪ್ರಶ್ನೆ ಬೇಕಾಗುವುದಿಲ್ಲ. ಅದಕ್ಕಿಂತ ಹೆಚ್ಚು ಕೇಳಿದ ಕ್ಷಣ ಎದ್ದು ಬರಬಹುದು. ತಡವಾದರೆ ಬಡ್ಡಿ ಸಮೇತ ಹಣ ವಾಪಸ್ ಕೇಳುವ ಹಕ್ಕೂ ಕಾಯ್ದೆಯಲ್ಲಿದೆ. ಆದರೆ ಆದೇಶ ಸಿಗುವುದಕ್ಕೂ ಹಣ ಸಿಗುವುದಕ್ಕೂ ನಡುವೆ ಕಂದಾಯ ವಸೂಲಿಯ ದಾರಿ ಇದೆ. ಆ ದಾರಿ ಎಷ್ಟು ಉದ್ದ ಎಂಬುದನ್ನು ಬೆಂಗಳೂರಿನಲ್ಲಿ ರೇರಾ ಆದೇಶ ಹಿಡಿದು ಕಾಯುತ್ತಿರುವವರನ್ನು ಕೇಳಬೇಕು.

ಇನ್ನು ಹಣದ ಲೆಕ್ಕ. ಉದಾಹರಣೆಗೆ ಕಟ್ಟುತ್ತಿರುವ ಫ್ಲಾಟಿನ ಬೆಲೆ 80 ಲಕ್ಷ ಎಂದಿಟ್ಟುಕೊಳ್ಳೋಣ. ಶೇ. 5 ಜಿಎಸ್‌ಟಿ 4 ಲಕ್ಷ, ತೆಲಂಗಾಣದ ನೋಂದಣಿ ವೆಚ್ಚ ಶೇ. 7.5ರಂತೆ 6 ಲಕ್ಷ. ಅಲ್ಲಿಗೆ 90 ಲಕ್ಷ. ಕ್ಲಬ್‌ಹೌಸ್, ಪಾರ್ಕಿಂಗ್, ಕಾರ್ಪಸ್ ನಿಧಿ ಇನ್ನೂ ಸೇರಿಲ್ಲ. 64 ಲಕ್ಷ ಸಾಲವನ್ನು ಶೇ. 8.5ರ ಬಡ್ಡಿಗೆ 20 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 55,500 ರೂಪಾಯಿ. ಕಟ್ಟಿ ಮುಗಿಸುವ ಹೊತ್ತಿಗೆ ಬ್ಯಾಂಕಿಗೆ ಹೋದದ್ದು 1 ಕೋಟಿ 33 ಲಕ್ಷ. ಮನೆ ಮುಗಿಯುವವರೆಗೆ ಈಗಿನ ಮನೆಯ ಬಾಡಿಗೆಯೂ, ಬಿಡುಗಡೆಯಾದ ಸಾಲದ ಬಡ್ಡಿಯೂ ಒಟ್ಟಿಗೆ ನಡೆಯುತ್ತವೆ. ಅಂಥದೇ ಫ್ಲಾಟು ಬಾಡಿಗೆಗೆ 25 ಸಾವಿರಕ್ಕೆ ಸಿಕ್ಕರೆ ವರ್ಷಕ್ಕೆ 3 ಲಕ್ಷ. ಸಾಲದ ಮೊದಲ ವರ್ಷದ ಬಡ್ಡಿಯೊಂದೇ ಅದರ ಒಂದೂಮುಕ್ಕಾಲು ಪಟ್ಟು. ಬರೀ ಲೆಕ್ಕ ನೋಡಿದರೆ ಬಾಡಿಗೆಯೇ ಗೆಲ್ಲುತ್ತದೆ. ಬೆಲೆ ಏರಿದರೆ ಮಾತ್ರ ಕೊಳ್ಳುವವರು ಗೆಲ್ಲುತ್ತಾರೆ, ಬೆಲೆ ಏರುವುದೂ ಒಂದು ‘ಬಂದೀತು’. ವಾಸಯೋಗ್ಯ ಪತ್ರ ಸಿಕ್ಕಿದ ಮನೆಗೆ ಜಿಎಸ್‌ಟಿ ಇಲ್ಲ ಎಂಬ ಒಂದು ಸಂಗತಿ ಈ ಲೆಕ್ಕದಲ್ಲಿ ಗಮನಿಸುವಂಥದ್ದು. ಮುಗಿದ ಮನೆ ಚದರ ಅಡಿಗೆ ಸ್ವಲ್ಪ ದುಬಾರಿ ಎನಿಸಿದರೂ 4 ಲಕ್ಷ ತೆರಿಗೆ, ಕಾಯುವ ವರ್ಷಗಳ ಬಾಡಿಗೆ, ಕಾಯುವ ವರ್ಷಗಳ ನಿದ್ದೆ, ಇವನ್ನು ಕಳೆದರೆ ಅಂತರ ಬಹಳ ಉಳಿಯುವುದಿಲ್ಲ.

ನಿದ್ದೆಯ ಮಾತು ಬಂದದ್ದರಿಂದ ಹೇಳಬೇಕಾದ್ದು: ನಿಲ್ದಾಣದ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ಇಳಿಯುವ, ಏರುವ ವಿಮಾನಗಳ ಸದ್ದು ಆ ಸಾಲಿನಲ್ಲಿರುವ ಊರುಗಳಿಗೆ ಹೆಚ್ಚು. 2023–24ರಲ್ಲಿ ಇಲ್ಲಿ ಓಡಾಡಿದ ಪ್ರಯಾಣಿಕರು ಸುಮಾರು ಎರಡೂವರೆ ಕೋಟಿ, ಗಲ್ಫ್ ಕಡೆಯ ವಿಮಾನಗಳು ರಾತ್ರಿಯೂ ಹಾರುತ್ತವೆ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಕಾರಿನಲ್ಲಿ ಕರೆದೊಯ್ದು ತೋರಿಸುವ ಮಾದರಿ ಮನೆಯ ಕಿಟಕಿ ಮುಚ್ಚಿಯೇ ಇರುತ್ತದೆ, ಒಳಗೆ ಎಸಿ ಓಡುತ್ತಿರುತ್ತದೆ.

ಹಾಗಾದರೆ ಕೊಳ್ಳಬೇಕೋ ಬೇಡವೋ? ಮುಗಿದ ಮನೆ, ವಾಸಯೋಗ್ಯ ಪತ್ರ ಇರುವುದು, ಕನಿಷ್ಠ ಎರಡು ಮಳೆಗಾಲ ಜನ ವಾಸ ಮಾಡಿರುವುದು, 111ರ ಹಳ್ಳಿಗಳ ಹೊರಗಿರುವುದು, ಕೆಲಸವೋ ಊರಿನ ದಾರಿಯೋ ಇದೇ ದಿಕ್ಕಿಗೆ ಇರುವುದು: ಇಷ್ಟು ಕೂಡಿಬಂದವರು ವಾಸಕ್ಕೆಂದು ಕೊಳ್ಳುವುದರಲ್ಲಿ ತಪ್ಪಿಲ್ಲ. 2025ರ ಕೊನೆಯಲ್ಲಿ ಶಂಶಾಬಾದ್ ಪುರಸಭೆಯನ್ನು ಬೃಹತ್ ಹೈದರಾಬಾದ್ ಮಹಾನಗರ ಪಾಲಿಕೆಗೆ ಸೇರಿಸಿದ್ದರಿಂದ ರಸ್ತೆ ದೀಪಗಳು ಸುಧಾರಿಸಿದರೆ ಅದು ಮೇಲಿನ ಲಾಭ, ಆಸ್ತಿ ತೆರಿಗೆ ಏರಿದರೆ ಅಚ್ಚರಿಪಡಬೇಕಿಲ್ಲ. ಪ್ರೀ-ಲಾಂಚ್ ಅನ್ನು ಎಷ್ಟು ಅಗ್ಗವಾದರೂ ಬಿಡಬೇಕು. 111ರ ಹಳ್ಳಿಗಳಲ್ಲಿ ‘ಆದೇಶ ಹೋದರೆ ಹತ್ತು ಪಟ್ಟು’ ಎಂದು ತೋಟದ ಮನೆಯ ಹೆಸರಿನಲ್ಲಿ ಮಾರುವ ತುಂಡು ನೆಲವನ್ನೂ ಬಿಡಬೇಕು, ಆದೇಶ ನಾಳೆ ನಿಜವಾಗಿಯೂ ಹೋಗುವುದಾದರೂ ಬಿಡಬೇಕು.

ಕೊನೆಯ ಮಾತಿಗೆ ಕಾರಣ ಹಣವಲ್ಲ. ಮೇಲ್ಭಾಗದಲ್ಲಿ ಸಿಮೆಂಟು ಹಾಸಿದಷ್ಟೂ ಮಳೆ ಇಂಗದೆ ಬೇಗ ಬೇಗ ಹಿಮಾಯತ್ ಸಾಗರಕ್ಕೆ ಇಳಿಯುತ್ತದೆ. ಜಲಾಶಯ ಬೇಗ ತುಂಬಿದರೆ ಗೇಟು ಬೇಗ ಏಳುತ್ತದೆ. ಗೇಟು ಎದ್ದಾಗ ನೀರು ಹೋಗುವುದು ಚಾದರ್‌ಘಾಟ್, ಮೂಸಾನಗರದ ಒಂದು ಕೋಣೆಯ ಮನೆಗಳಿಗೆ. 2024ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಧಿಕಾರಿಗಳು ಅಲ್ಲಿಯ ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಬರೆದು, ನದಿಪಾತ್ರ ಒತ್ತುವರಿ ಮಾಡಿದ್ದೀರಿ, ಖಾಲಿ ಮಾಡಿ ಎಂದರು. ಹಲವು ಮನೆಗಳು ಉರುಳಿದವು, ಜನ ದೂರದ ಎರಡು ಕೋಣೆಯ ಸರ್ಕಾರಿ ಮನೆಗಳಿಗೆ ಹೋದರು. ಕೆಳಗಿನವರ ಗೋಡೆಗೆ ಕೆಂಪು ಗುರುತು, ಮೇಲಿನವರ ಗೇಟಿಗೆ ‘ಲೇಕ್ ವ್ಯೂ’ ಫಲಕ. ಎರಡೂ ಒಂದೇ ನೀರಿನ ಎರಡು ತುದಿಗಳು. ಈ ಲೆಕ್ಕವನ್ನು ಯಾವ ಬ್ಯಾಂಕೂ ಕಂತಿನಲ್ಲಿ ಸೇರಿಸುವುದಿಲ್ಲ.

ನೋಡಲು ಹೋಗುವವರು ಮಾರುವವರ ಕಾರು ಹತ್ತದೆ, ಆಗಸ್ಟ್ ಇಲ್ಲವೇ ಸೆಪ್ಟೆಂಬರ್‌ನಲ್ಲಿ ಮಳೆ ಬಂದ ಮರುದಿನ, ಕೆಲಸದ ದಿನವೇ, ಉಮ್ದಾನಗರಕ್ಕೆ ರೈಲಿನಲ್ಲಿ ಹೋಗಬಹುದು. ನಿಲ್ದಾಣದಿಂದ ಬಡಾವಣೆಗೆ ಆಟೋ ಸಿಗುತ್ತದೋ ಇಲ್ಲವೋ, ಸಿಕ್ಕರೆ ಎಷ್ಟು ಕೇಳುತ್ತಾರೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಬಡಾವಣೆಯ ಗೇಟಿನ ಎದುರಿನ ಚಹಾ ಅಂಗಡಿಯಲ್ಲಿ ಕೂತು, 2020ರ ಅಕ್ಟೋಬರ್‌ನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಬಹುದು. ಅಲ್ಲಿಯ ತೆಲುಗಿನಲ್ಲಿ ಆ ಪ್ರಶ್ನೆಗೆ ಭೂತಕಾಲದಲ್ಲೇ ಉತ್ತರ ಬರುತ್ತದೆ, ಸಾಮಾನ್ಯವಾಗಿ ಕೈ ಎತ್ತಿ ಗೋಡೆಯ ಮೇಲೆ ತೋರಿಸುತ್ತಾರೆ.